ಅಂಬೇಡಕರರ ಪ್ರೌಢಪ್ರಬಂಧಗಳೂ ಅವರ ಇಬ್ಬರು ಗುರುಗಳೂ

ಡಾಕ್ಟರ್ ಭೀಮರಾವ್ ಅಂಬೇಡಕರರ ಹೆಸರನ್ನು ಕೇಳಿದೊಡನೆ ವಾಚಕರ ಕಣ್ಣಮುಂದೆ 1927ರ ಮಹಾಡದ ಕೆರೆಯ ಸತ್ಯಾಗ್ರಹ, ರಾಜ್ಯಾಂಗದ ಕರಡು ಸಮಿತಿ, 1956ರ ನಾಗಪುರದ ಧರ್ಮದೀಕ್ಷೆ ಇವು ಬಂದು ನಿಲ್ಲುತ್ತವೆ. ಆದರೆ ಆ ಹೆಸರಿನ ಮುಂದಿರುವ ಡಾಕ್ಟರ್ ಎಂಬ ಬಿರುದನ್ನು ಅವರು ಹೇಗೆ ಸಂಪಾದಿಸಿದರು, ಆ ಸಂಪಾದನೆಯಲ್ಲಿ ಅವರ ಗುರುಗಳ ಪಾಲೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪ್ರೌಢಪ್ರಬಂಧಗಳು ರಾಶಿರಾಶಿಯಾಗಿ ಬರುತ್ತಿರುವಾಗ, ಮಾರ್ಗದರ್ಶಕರ ಕೆಲಸವು ಕಡೆಯ ಪುಟದಲ್ಲಿ ರುಜು ಹಾಕುವಷ್ಟಕ್ಕೇ ನಿಂತಿದೆಯೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿರುವಾಗ, ಅಂಬೇಡಕರರ ಜೀವನದ ಈ ಅಧ್ಯಾಯವನ್ನು ನೆನೆಯುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕಪಾಲರು ಸೈನ್ಯದಲ್ಲಿ ಸುಬೇದಾರರು. ಶಾಲೆಯಲ್ಲಿ ಬೇರೆ ಕುಳಿತು ಓದಿದ ಈ ಬಾಲಕನು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ 1912ರಲ್ಲಿ ಬಿ. ಎ. ಪದವಿಯನ್ನು ಪಡೆದು, 1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದನು. ವೇತನದ ಅವಧಿ ಮೂರು ವರ್ಷ. 1915ರಲ್ಲಿ ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತ ಪ್ರಬಂಧಕ್ಕೆ ಎಂ. ಎ. ಪದವಿ ಬಂದಿತು.

ಅಲ್ಲಿ ಅವರಿಗೆ ದೊರೆತ ಗುರುಗಳು ಪ್ರೊಫೆಸರ್ ಎಡ್ವಿನ್ ಸೆಲಿಗ್‌ಮನ್. ತೆರಿಗೆಯ ಶಾಸ್ತ್ರದಲ್ಲಿ ಅಂದಿನ ಅಮೇರಿಕದ ಅಗ್ರಗಣ್ಯ ವಿದ್ವಾಂಸರಲ್ಲಿ ಒಬ್ಬರು. ಶಿಷ್ಯನು ಆರಿಸಿಕೊಂಡ ವಿಷಯವೋ, ಬ್ರಿಟಿಷ್ ಹಿಂದುಸ್ತಾನದ ಪ್ರಾಂತಗಳ ಹಣಕಾಸು. ಎಲ್ಲ ಹುಟ್ಟುವಳಿಯೂ ಕಲಕತ್ತೆಯ ಕೇಂದ್ರ ಬೊಕ್ಕಸಕ್ಕೇ ಸೇರುತ್ತಿದ್ದ ಪದ್ಧತಿಯು 1871ರಿಂದ ಹೇಗೆ ಸಡಿಲಿತು, ಮೊದಲು ಗೊತ್ತುಪಡಿಸಿದ ಮೊಬಲಗನ್ನು ಕೊಡುವುದು, ಅನಂತರ ಕೆಲವು ಹುಟ್ಟುವಳಿಗಳನ್ನೇ ಪ್ರಾಂತಗಳಿಗೆ ಬಿಟ್ಟುಕೊಡುವುದು, ಕಡೆಗೆ ಹುಟ್ಟುವಳಿಯನ್ನು ಹಂಚಿಕೊಳ್ಳುವುದು, ಹೀಗೆ ಘಟ್ಟಘಟ್ಟವಾಗಿ ಹೇಗೆ ಬದಲಾಯಿತು ಎಂಬುದರ ಶೋಧನೆ ಅದು. ಈ ವಿಷಯದ ಕಾಗದಪತ್ರಗಳನ್ನು ಸೆಲಿಗ್‌ಮನ್ನರಿಗಿಂತ ಶಿಷ್ಯನೇ ಹೆಚ್ಚು ಬಲ್ಲವನಾಗಿದ್ದನೆಂಬುದರಲ್ಲಿ ನಮಗೆ ಸಂಶಯವಿಲ್ಲ. ಗುರುವು ಕೊಟ್ಟದ್ದು ಸಂಗತಿಯನ್ನಲ್ಲ, ತೂಗುವ ತಕ್ಕಡಿಯನ್ನು.

ಕೊಲಂಬಿಯಾದಲ್ಲಿ ಆಗಿದ್ದ ನಿಯಮದಂತೆ ಪ್ರಬಂಧವು ಅಚ್ಚಾಗಿ ಪ್ರತಿಗಳು ವಿಶ್ವವಿದ್ಯಾನಿಲಯಕ್ಕೆ ಸಲ್ಲಬೇಕಾಗಿತ್ತು. ಹಣವಿಲ್ಲದ ವಿದ್ಯಾರ್ಥಿಗೆ ಇದು ಸಾಮಾನ್ಯ ತೊಡಕಲ್ಲ. ಪುಸ್ತಕವು ಹೊರಬಿದ್ದದ್ದು 1925ರಲ್ಲಿ, ಡಾಕ್ಟರ್ ಪದವಿಯು ಕೈಸೇರಿದ್ದು 1927ರಲ್ಲಿ. ಶಿಷ್ಯನು ತನ್ನ ತರಗತಿಯನ್ನು ಬಿಟ್ಟು ಎಂಟೊಂಬತ್ತು ವರ್ಷಗಳಾಗಿದ್ದರೂ ಸೆಲಿಗ್‌ಮನ್ನರು ಆ ಪುಸ್ತಕಕ್ಕೆ ಮುನ್ನುಡಿಯನ್ನು ಬರೆದುಕೊಟ್ಟರು. ಸಂಗತಿಗಳ ನಿಷ್ಪಕ್ಷಪಾತವಾದ ನಿರೂಪಣೆಯನ್ನು ಮೆಚ್ಚಿ, ಈ ವಿಷಯದ ಇಷ್ಟು ವಿವರವಾದ ಅಧ್ಯಯನವನ್ನು ತಾವು ಬೇರೆಲ್ಲಿಯೂ ಕಂಡಿಲ್ಲವೆಂಬ ಅರ್ಥದ ಮಾತನ್ನು ಅದರಲ್ಲಿ ಆಡಿದರು. ಅಂಬೇಡಕರರು ಗ್ರಂಥವನ್ನು ಅರ್ಪಿಸಿದ್ದು ಬಡೋದೆಯ ಮಹಾರಾಜರಿಗೆ.

ನಡುವಣ ವರ್ಷಗಳು ಕಠಿಣವಾಗಿದ್ದುವು. 1916ರಲ್ಲಿ ಲಂಡನ್ನಿನ ಅರ್ಥಶಾಸ್ತ್ರದ ವಿದ್ಯಾಲಯವನ್ನು ಸೇರಿದ ಅವರು ವೇತನ ಮುಗಿದುದರಿಂದ 1917ರಲ್ಲಿ ಹಿಂದಿರುಗಬೇಕಾಯಿತು. ಬೇರೆಯಾಗಿ ಕಳುಹಿಸಿದ್ದ ಪುಸ್ತಕಗಳು ಮಹಾಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿದುವು. ಬಡೋದೆಯಲ್ಲಿ ಉದ್ಯೋಗವೇನೋ ಕಾದಿತ್ತು. ಆದರೆ ಅಮೇರಿಕದಲ್ಲಿ ಓದಿ ಬಂದ ಈ ಪಂಡಿತನಿಗೆ ಆ ಊರಿನಲ್ಲಿ ತಲೆಯಿಡಲು ಒಂದು ಬಾಡಿಗೆಯ ಕೋಣೆ ಸಿಕ್ಕಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಪಾಠ ಹೇಳಿ, ಸಂಬಳವನ್ನು ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು, ಅವರು ಮತ್ತೆ ಲಂಡನ್ನಿಗೆ ಹೊರಟರು. ಅರ್ಧಕ್ಕೆ ನಿಂತ ವ್ಯಾಸಂಗವನ್ನು ಮುಗಿಸಲೇಬೇಕೆಂಬ ಛಲವು ಅವರದು.

ಲಂಡನ್ನಿನ ಗುರು ಪ್ರೊಫೆಸರ್ ಎಡ್ವಿನ್ ಕ್ಯಾನನ್. ಆಡಮ್ ಸ್ಮಿತ್ತನ ಮಹಾಗ್ರಂಥವನ್ನು 1904ರಲ್ಲಿ ಪರಿಷ್ಕರಿಸಿ ಪ್ರಕಟಿಸಿದವರು. ಸಡಿಲ ವಾದವನ್ನು ಸಹಿಸದ ಸ್ವಭಾವದವರು. 1921ರಲ್ಲಿ ಎಂ. ಎಸ್‌ಸಿ. ಪದವಿಯಾದ ಮೇಲೆ ಅಂಬೇಡಕರರು ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧವನ್ನು ಡಿ. ಎಸ್‌ಸಿ. ಪದವಿಗಾಗಿ 1922ರ ಅಕ್ಟೋಬರಿನಲ್ಲಿ ಒಪ್ಪಿಸಿದರು. 1893ರಲ್ಲಿ ಸರಕಾರವು ಟಂಕಸಾಲೆಗಳಲ್ಲಿ ಜನರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದಂದಿನಿಂದ ರೂಪಾಯಿಯ ಬೆಲೆಯು ಅಧಿಕಾರಿಗಳ ಕೈಯಲ್ಲಿ ಸಿಕ್ಕಿತು. ಆಮೇಲೆ ಬೆಳೆದ ಸ್ವರ್ಣವಿನಿಮಯ ಪದ್ಧತಿಯನ್ನು 1913ರಲ್ಲಿ ಕೇನ್ಸರಂಥ ಪಂಡಿತರು ಕೊಂಡಾಡಿದ್ದರು. ಈ ತರುಣನು ಆ ಪದ್ಧತಿಯೇ ಅಸ್ಥಿರವೆಂದು, ರೂಪಾಯಿಗಳನ್ನು ಮನಬಂದಷ್ಟು ಹೊರಡಿಸುವ ಅಧಿಕಾರಕ್ಕೆ ಕಟ್ಟು ಹಾಕಬೇಕೆಂದು ವಾದಿಸಿದನು.

ಪರೀಕ್ಷಕರು ಪ್ರಬಂಧವನ್ನು ಇದ್ದಂತೆ ಒಪ್ಪಲಿಲ್ಲ. 1923ರಲ್ಲಿ ತಿದ್ದಿ ಬರೆಯಲು ಹೇಳಿದರು. ಬ್ರಿಟಿಷ್ ಆಡಳಿತವನ್ನು ಕಟುವಾಗಿ ಟೀಕಿಸಿದುದೇ ಇದಕ್ಕೆ ಕಾರಣವೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಕೈಯಲ್ಲಿ ಹಣವಿಲ್ಲ, ಇನ್ನೂ ಲಂಡನ್ನಿನಲ್ಲಿರುವಂತಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದಲೇ ಪ್ರಬಂಧವನ್ನು ತಿದ್ದಿ ಕಳುಹಿಸಿದರು. ಮಾತು ಮೃದುವಾಗಿರಬಹುದು, ಸಿದ್ಧಾಂತವು ಬದಲಾಗಲಿಲ್ಲವೆಂದು ಅದೇ ಚರಿತ್ರಕಾರರು ಹೇಳುತ್ತಾರೆ. ವರ್ಷಾಂತ್ಯದ ಹೊತ್ತಿಗೆ ಪದವಿಯೂ ಬಂದಿತು, ಪುಸ್ತಕವೂ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ತಂದೆತಾಯಿಗಳ ಸ್ಮರಣೆಗೆ ಅರ್ಪಿಸಿದರು.

ಈ ಪುಸ್ತಕಕ್ಕೆ ಕ್ಯಾನನ್ನರು ಬರೆದ ಮುನ್ನುಡಿಯು ನಮಗೆ ಅಪೂರ್ವವಾಗಿ ಕಾಣುತ್ತದೆ. ಸ್ವರ್ಣವಿನಿಮಯ ಪದ್ಧತಿಯ ಮೇಲೆ ಶಿಷ್ಯನಿಗಿರುವ ವೈರವು ತಮಗಿಲ್ಲವೆಂದೂ, ಅವನ ವಾದಗಳಲ್ಲಿ ಬಹುಪಾಲು ತಮಗೆ ಒಪ್ಪಿಗೆಯಿಲ್ಲವೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಆದರೂ ವಿಚಾರದ ಹೊಸತನವನ್ನು ಮೆಚ್ಚಿದರು. ವ್ಯವಹಾರದಲ್ಲಿ ಅವನು ಮುಟ್ಟಿದ ತೀರ್ಮಾನವೇ ಸರಿಯಿರಬಹುದೆಂದೂ ಒಪ್ಪಿದರು. ಪುಸ್ತಕದ ಬಾಗಿಲಿನಲ್ಲಿಯೇ ಗುರುವು ಹೀಗೆ ಭಿನ್ನಮತವನ್ನು ಸಾರಿದ್ದು ಶಿಷ್ಯನಿಗೆ ಅವಮಾನವಾಯಿತೇ? ಇಲ್ಲ. ತನ್ನ ಪೀಠಿಕೆಯಲ್ಲಿ ಅಂಬೇಡಕರರು, ಕ್ಯಾನನ್ನರ ಋಣವನ್ನು ತಾನು ತೀರಿಸಲಾರೆನೆಂದು, ಗ್ರಂಥದ ಅಭಿಪ್ರಾಯಗಳಿಗೆ ಅವರು ಹೊಣೆಯಲ್ಲವೆಂದು, ತಾತ್ತ್ವಿಕ ಚರ್ಚೆಯನ್ನು ಅವರು ನಿಷ್ಠುರವಾಗಿ ಪರೀಕ್ಷಿಸಿದುದರಿಂದ ಅನೇಕ ತಪ್ಪುಗಳು ತಪ್ಪಿದುವೆಂದು ಕೃತಜ್ಞತೆಯಿಂದ ಸ್ಮರಿಸಿದರು.

ಶಿಷ್ಯನ ಮತವನ್ನು ತಿದ್ದುವುದು ಬೇರೆ, ಅವನ ತರ್ಕವನ್ನು ತಿದ್ದುವುದು ಬೇರೆ. ಎರಡನೆಯದಕ್ಕೆ ಗುರುವು ಪ್ರಬಂಧವನ್ನು ಸಾಲುಸಾಲಾಗಿ ಓದಬೇಕು. ಮೊದಲನೆಯದಕ್ಕೆ ಓದದೆಯೂ ಅಪ್ಪಣೆ ಮಾಡಬಹುದು. ಪರೀಕ್ಷಕರ ಸ್ಥಾನವೂ ಇದಕ್ಕೆ ಹೊರತಲ್ಲ. ತಿದ್ದಿ ತರಲು ಹೇಳುವ ಹಕ್ಕು ಅವರಿಗೆ ಉಂಟು. ಆದರೆ ಏನು ತಪ್ಪಿದೆಯೆಂದು ಬಿಡಿಸಿ ಹೇಳುವ ಋಣವೂ ಅವರದೇ. ಬಡ ವಿದ್ಯಾರ್ಥಿಯೊಬ್ಬನಿಗೆ ಒಂದು ವರ್ಷದ ವಿಳಂಬವೆಂದರೆ ಒಂದು ವರ್ಷದ ಅನ್ನ. ನಮ್ಮ ಸೆನೆಟ್ಟುಗಳ ಸದಸ್ಯರು ಇದನ್ನು ಗಮನಿಸುವರೆಂದು ಆಶಿಸುತ್ತೇವೆ.

ರೂಪಾಯಿಯ ಗ್ರಂಥವು ಕಪಾಟಿನಲ್ಲಿ ಧೂಳು ತಿನ್ನಲಿಲ್ಲ. 1925ರ ಡಿಸೆಂಬರಿನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಅಂಬೇಡಕರರು ಸಾಕ್ಷ್ಯ ನುಡಿದರು. 1935ರಲ್ಲಿ ತೆರೆದ ರಿಸರ್ವ್ ಬ್ಯಾಂಕು ಈ ಪುಸ್ತಕದಿಂದಲೇ ಹುಟ್ಟಿತೆಂದು ಕೆಲವರು ಹೇಳುವುದುಂಟು. ಅಷ್ಟು ದೂರ ಹೋಗಲು ನಾವು ಸಿದ್ಧರಿಲ್ಲ; ಗ್ರಂಥದ ಹಿರಿಮೆಗೆ ಆ ಅತಿಶಯೋಕ್ತಿಯು ಬೇಕಾಗಿಯೂ ಇಲ್ಲ. 1947ರಲ್ಲಿ ಅದರ ಎರಡನೆಯ ಮುದ್ರಣವಾಯಿತು.

ಮುಂದೆ ಅವರೇ ವಿದ್ಯಾಸಂಸ್ಥೆಯನ್ನು ಕಟ್ಟಿದರು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು. ಕ್ಯಾನನ್ನರು 1935ರಲ್ಲಿಯೂ ಸೆಲಿಗ್‌ಮನ್ನರು 1939ರಲ್ಲಿಯೂ ತೀರಿಕೊಂಡರು. ಮುದ್ರಣಕ್ಕೆ ಹಣವಿಲ್ಲದ ವಿದ್ಯಾರ್ಥಿಯಾಗಿ ತಾವು ಬಿಟ್ಟುಬಂದಿದ್ದ ಕೊಲಂಬಿಯಾಕ್ಕೆ ಅಂಬೇಡಕರರು 1952ರ ಜೂನಿನಲ್ಲಿ ಮತ್ತೆ ಹೋದರು. ವಿಶ್ವವಿದ್ಯಾನಿಲಯವು ಅವರನ್ನು ಕರೆಸಿ ಗೌರವ ಎಲ್ಎಲ್. ಡಿ. ಪದವಿಯನ್ನಿತ್ತಿತು, ಅದನ್ನು ನೋಡಲು ಸೆಲಿಗ್‌ಮನ್ನರು ಉಳಿದಿರಲಿಲ್ಲ.