ಒಂದು ‘ಎಸ್’ ಮತ್ತು ಫೌಲರ್ ಮೇಷ್ಟ್ರು

ಕಳೆದ ಕಿರುಪರೀಕ್ಷೆಯಲ್ಲಿ ‘ದ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ಟೇಕ್ಸ್ ರೆಸ್ಟ್’ ಎಂದು ಬರೆದು ಒಂದು ಅಂಕ ಕಳೆದುಕೊಂಡೆ. ‘ಟೇಕ್’ ಎಂದಿರಬೇಕಿತ್ತಂತೆ. ‘ಹಿ’ ಬಂದರೆ ‘ಎಸ್’ ಸೇರಿಸಬೇಕೆಂದು ಪ್ರೈಮರಿಯಿಂದ ಬಾಯಿಪಾಠ ಮಾಡಿದವನು ಇದನ್ನು ಒಪ್ಪುವುದು ಹೇಗೆ? ಮೇಡಂ ಜೊತೆ ವಾದ ಮಾಡಲು ಸಾಕ್ಷಿ ಹುಡುಕುತ್ತಾ ಹೋದಾಗ ಸಿಕ್ಕವರು ಹೆನ್ರಿ ವಾಟ್ಸನ್ ಫೌಲರ್.

ಇವರು 1858ರಲ್ಲಿ ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಸೆಡ್‌ಬರ್ಗ್ ಶಾಲೆಯಲ್ಲಿ 17 ವರ್ಷ ಪಾಠ ಮಾಡಿದರು. ಅಲ್ಲಿ ಹಾಸ್ಟೆಲಿನ ಹೊಣೆ ಹೊತ್ತ ಮೇಷ್ಟ್ರು ಹುಡುಗರನ್ನು ಚರ್ಚಿನ ದೃಢೀಕರಣ ಸಂಸ್ಕಾರಕ್ಕೆ ತಯಾರು ಮಾಡಬೇಕಿತ್ತು. ತಮಗೇ ನಂಬಿಕೆ ಇಲ್ಲದ್ದನ್ನು ಮಕ್ಕಳಿಗೆ ಹೇಗೆ ಕಲಿಸಲಿ ಎಂಬುದು ಫೌಲರ್ ಅವರ ಕಷ್ಟ. ಬಡ್ತಿ ಬೇಡವೆಂದರು, 1899ರಲ್ಲಿ ಕೆಲಸವನ್ನೇ ಬಿಟ್ಟರು. ಆಗ ಅವರಿಗೆ 41 ವರ್ಷ, ಮುಂದಿನ ಸಂಪಾದನೆಗೆ ಭದ್ರತೆ ಇರಲಿಲ್ಲ.

ಈ ಘಟನೆಯಿಂದಲೇ ನನ್ನ ತಪ್ಪು ನನಗೆ ಅರ್ಥವಾಯಿತು. ‘ಇನ್ಸಿಸ್ಟ್’ ಕ್ರಿಯಾಪದವನ್ನೇ ನೋಡಿ. ‘ದೇ ಇನ್ಸಿಸ್ಟ್ ದಟ್ ಹಿ ಟೀಚಸ್ ಇಟ್’ ಎಂದರೆ ಅವರು ಅದನ್ನು ಕಲಿಸುತ್ತಿದ್ದಾರೆ ಎಂದು ಸಾಧಿಸುವುದು. ‘ದೇ ಇನ್ಸಿಸ್ಟ್ ದಟ್ ಹಿ ಟೀಚ್ ಇಟ್’ ಎಂದರೆ ಅವರು ಕಲಿಸಲೇಬೇಕೆಂದು ಪಟ್ಟು ಹಿಡಿಯುವುದು. ಮೊದಲನೆಯದು ಸುದ್ದಿ, ಎರಡನೆಯದು ಒತ್ತಾಯ. ಸಜೆಸ್ಟ್, ಡಿಮ್ಯಾಂಡ್, ರೆಕಮೆಂಡ್, ಪ್ರಪೋಸ್ ಮುಂತಾದವುಗಳ ನಂತರ ಆಗಬೇಕಾದ್ದನ್ನು ಹೇಳುವಾಗ ಕ್ರಿಯಾಪದ ಮೂಲರೂಪದಲ್ಲೇ ನಿಲ್ಲುತ್ತದೆ. ‘ಈಸ್’ ಇರುವ ಕಡೆ ‘ಬಿ’ ಬರುತ್ತದೆ. ಬೇಡವೆನ್ನಲು ‘ಡಸ್ ನಾಟ್ ಗೋ’ ಅಲ್ಲ, ಬರೀ ‘ನಾಟ್ ಗೋ’. ಇದೇ ಸಬ್‌ಜಂಕ್ಟಿವ್. ನಮಗೇನೂ ಹೊಸದಲ್ಲ: ಕನ್ನಡದಲ್ಲಿ ‘ಹೋಗುತ್ತಾನೆ’ ಬೇರೆ, ‘ಹೋಗಲಿ’ ಬೇರೆ. ಮನೆಯ ಉರ್ದುವಿನಲ್ಲೂ ‘ಜಾತಾ ಹೈ’ ಬೇರೆ, ‘ಜಾಯೆ’ ಬೇರೆ.

ಕೆಲಸ ಬಿಟ್ಟ ಫೌಲರ್ ಕೆಲಕಾಲ ಲಂಡನ್ನಿನಲ್ಲಿ ಲೇಖನ ಬರೆದುಕೊಂಡಿದ್ದು, 1903ರಲ್ಲಿ ಗರ್ನ್‌ಸಿ ದ್ವೀಪದಲ್ಲಿ ಟೊಮೆಟೊ ಬೆಳೆಯುತ್ತಿದ್ದ ತಮ್ಮ ಫ್ರಾನ್ಸಿಸ್ ಹತ್ತಿರ ಹೋದರು. ಅಣ್ಣತಮ್ಮಂದಿರು ಸೇರಿ 1906ರಲ್ಲಿ ‘ದ ಕಿಂಗ್ಸ್ ಇಂಗ್ಲಿಷ್’, 1911ರಲ್ಲಿ ‘ಕನ್ಸೈಸ್ ಆಕ್ಸ್‌ಫರ್ಡ್ ನಿಘಂಟು’ ಹೊರತಂದರು. ಮಹಾಯುದ್ಧ ಬಂದಾಗ 57ರ ಫೌಲರ್ ವಯಸ್ಸು 44 ಎಂದು ಸುಳ್ಳು ಹೇಳಿ ಸೈನ್ಯ ಸೇರಿದರು. ಮನಸ್ಸಾಕ್ಷಿಗಾಗಿ ಕೆಲಸ ಬಿಟ್ಟವರೇ ಹೀಗೆ ಮಾಡಿದ್ದು ಓದಿ ನನಗೆ ನಗು ಬಂತು. ಆದರೆ 1918ರಲ್ಲಿ ಫ್ರಾನ್ಸಿಸ್ ಕ್ಷಯದಿಂದ ತೀರಿಕೊಂಡರು. ಇಬ್ಬರೂ ಸೇರಿ ಯೋಜಿಸಿದ್ದ ದೊಡ್ಡ ಪುಸ್ತಕವನ್ನು ಅಣ್ಣ ಒಬ್ಬರೇ ಮುಗಿಸಿ ತಮ್ಮನಿಗೆ ಅರ್ಪಿಸಿದರು. 1926ರ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಅದೇ.

ಆ ಪುಸ್ತಕದಲ್ಲಿ ನನಗೆ ಬೇಕಾದ ಸಾಕ್ಷಿ ಇತ್ತು! ಕೆಲವು ಬಳಕೆಗಳನ್ನು ಬಿಟ್ಟರೆ ಸಬ್‌ಜಂಕ್ಟಿವ್ ಸಾಯುವ ಸ್ಥಿತಿಯಲ್ಲಿದೆ ಎಂಬುದು ಫೌಲರ್ ತೀರ್ಪು. ಆದರೆ ಇಲ್ಲಿ ಅವರ ಲೆಕ್ಕ ತಪ್ಪಿತು. ಸಜೆಸ್ಟ್, ಡಿಮ್ಯಾಂಡ್‌ಗಳ ಜೊತೆಗಿನ ಈ ರೂಪ ಅಮೆರಿಕದಲ್ಲಿ ಗಟ್ಟಿಯಾಗಿ ನಿಂತು, ಬ್ರಿಟನ್ನಿನ ಬರವಣಿಗೆಗೂ ಮರಳಿತು. ಬ್ರಿಟನ್ನಿನಲ್ಲಿ ‘ಶುಡ್ ಟೇಕ್’ ಕೂಡ ಸಾಮಾನ್ಯ. ಅದನ್ನು ಬರೆದಿದ್ದರೂ ನನ್ನ ಅಂಕ ಉಳಿಯುತ್ತಿತ್ತು. ಫೌಲರ್ ಇದನ್ನೆಲ್ಲ ನೋಡಲಿಲ್ಲ. 1933ರ ಡಿಸೆಂಬರ್ 26ರಂದು ತೀರಿಕೊಂಡರು.

ಅವರ ತೀರ್ಪನ್ನು ಮೇಡಂಗೆ ತೋರಿಸಿದೆ. ಪೂರ್ತಿ ಓದಿದರು, ನಕ್ಕರು. ಪುಸ್ತಕ ಅಚ್ಚಾದ ವರ್ಷದ ಮೇಲೆ ಬೆರಳಿಟ್ಟು ತೋರಿಸಿ, ನನ್ನ ಉತ್ತರಪತ್ರಿಕೆಯನ್ನು ಹಾಗೇ ವಾಪಸ್ ಕೊಟ್ಟರು.