ಗಣಿತಾಚಾರ್ಯ ಮಹಾವೀರರು

ಮಹನೀಯರ ಚರಿತ್ರೆಯನ್ನು ಬರೆಯುವವರು ಅವರ ವಂಶ, ಜನನ, ವಿದ್ಯಾಭ್ಯಾಸಗಳಿಂದ ಆರಂಭಿಸುವುದು ವಾಡಿಕೆ. ಮಹಾವೀರಾಚಾರ್ಯರ ವಿಷಯದಲ್ಲಿ ಆ ಭಾಗ್ಯ ನಮಗಿಲ್ಲ. ಅವರು ತಮ್ಮ ಗ್ರಂಥದಲ್ಲಿ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟೂರನ್ನಾಗಲಿ ಹೇಳಿಕೊಂಡಿಲ್ಲ. ಆಳುತ್ತಿದ್ದ ದೊರೆಯನ್ನು ಮಾತ್ರ ಮನಸಾರೆ ಕೊಂಡಾಡಿದ್ದಾರೆ. ಆ ದೊರೆಯೇ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಸುಮಾರು 814ರಿಂದ 878ರವರೆಗೆ ಈತನ ಆಳ್ವಿಕೆ. ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡಕ್ಕೆ ಕವಿರಾಜಮಾರ್ಗವನ್ನು ಕೊಟ್ಟ ಆ ಕಾಲವೇ ಗಣಿತಕ್ಕೆ ಮಹಾವೀರರನ್ನೂ ಕೊಟ್ಟಿತು.

ಜೈನ ವಿದ್ವಾಂಸರಾದ ಆಚಾರ್ಯರು ಸುಮಾರು 850ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಗಣಿತಸಾರಸಂಗ್ರಹ. ಒಂಬತ್ತು ಅಧ್ಯಾಯಗಳು, 1,100ಕ್ಕೂ ಮಿಕ್ಕ ಶ್ಲೋಕಗಳು. ಜ್ಯೋತಿಷ್ಯದ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಾಗಿ ಅಡಗಿರುತ್ತಿದ್ದ ಗಣಿತವನ್ನು ಅವರು ಬೇರ್ಪಡಿಸಿ, ಕಲಿಯುವವನಿಗೆ ಅನುಕೂಲವಾಗುವಂತೆ ಅಣಿಗೊಳಿಸಿದರು. ಮೊದಲು ಪರಿಭಾಷೆ, ಅನಂತರ ಮೂಲಕ್ರಿಯೆಗಳು, ಆಮೇಲೆ ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆ. ಒಂದು ಮೆಟ್ಟಿಲನ್ನು ಬಲಪಡಿಸದೆ ಮುಂದಿನ ಮೆಟ್ಟಿಲಿಗೆ ಶಿಷ್ಯನನ್ನು ಏರಿಸಬಾರದೆಂಬ ಗುರುವಿನ ವಿವೇಕ ಇಲ್ಲಿ ಕಾಣುತ್ತದೆ. ಪಾಕಶಾಸ್ತ್ರ, ವೈದ್ಯ, ಸಂಗೀತ, ವಾಸ್ತು, ಛಂದಸ್ಸು, ವ್ಯಾಕರಣ ಎಲ್ಲಕ್ಕೂ ಗಣಿತವೇ ಆಧಾರವೆಂದು ಅವರು ಆರಂಭದಲ್ಲಿಯೇ ಸಾರುತ್ತಾರೆ.

ಶಾಲೆಯ ಮಕ್ಕಳನ್ನು ಕಾಡುವ ಭಿನ್ನರಾಶಿಯಲ್ಲಿ ಆಚಾರ್ಯರ ಕೊಡುಗೆ ವಿಶೇಷವಾದುದು. ಛೇದಗಳು ಬೇರೆ ಬೇರೆಯಾದಾಗ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿಯುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಅವರು ವಿಧಿಸಿದರು. ಒಂದನ್ನು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಎಂದು ಒಡೆದು ಮತ್ತೆ ಕೂಡಿಸಿ ಪೂರ್ಣವಾಗಿಸುವ ಸೂತ್ರವೂ ಅವರಲ್ಲಿದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. ಇಂತಹ ಲಬ್ಧಗಳನ್ನು ಅವರು ಕಂಠಿಕೆ, ಎಂದರೆ ಕೊರಳಹಾರವೆಂದು ಕರೆದರು. ಗುಣಾಕಾರದ ಬೇಸರವನ್ನು ಕಳೆಯುವ ಉಪಾಯವಲ್ಲವೇ ಇದು?

ಅವರ ಲೆಕ್ಕಗಳಲ್ಲಿ ದುಂಬಿಗಳು ಹಾರುತ್ತವೆ, ಆನೆಗಳ ಹಿಂಡು ಸಂಚರಿಸುತ್ತದೆ. ಒಂದೆಡೆ ಮುತ್ತಿನ ಹಾರ ಹರಿಯುತ್ತದೆ. ಮೂರನೆಯ ಒಂದು ಭಾಗ ಒಂದು ಕಡೆ, ಆರನೆಯ ಒಂದು ಭಾಗ ಇನ್ನೊಂದು ಕಡೆ. ಉಳಿದುದರಲ್ಲಿ ಅರ್ಧ, ಅದರ ಉಳಿಕೆಯಲ್ಲಿ ಅರ್ಧ, ಹೀಗೆ ಆರು ಬಾರಿ ಚದುರಿ, ದಾರದಲ್ಲಿ ನಿಂತವು 1,161 ಮುತ್ತುಗಳು. ಹುಡುಗನು ಸೂತ್ರಕ್ಕಾಗಿ ತಡಕಾಡಬೇಕಾಗಿಲ್ಲ. ಕಡೆಯಿಂದ ಹಿಂದಕ್ಕೆ ನಡೆದರೆ ಸಾಕು. ಆರು ಬಾರಿ ಇಮ್ಮಡಿಸಿದರೆ 74,304. ಮೊದಲ ಎರಡು ಭಾಗಗಳು ಸೇರಿ ಅರ್ಧವೇ ಆದುದರಿಂದ ಮತ್ತೊಮ್ಮೆ ಇಮ್ಮಡಿಸಿದರೆ 1,48,608. ಸಮಸ್ಯೆಯನ್ನು ಬಿಡಿಸುವ ಕೌಶಲವೆಂದರೆ ಇದೇ.

ಗಣಿತಜ್ಞನಿಗೆ ಇರಬೇಕಾದ ಎಂಟು ಗುಣಗಳನ್ನೂ ಆಚಾರ್ಯರು ಎಣಿಸಿದ್ದಾರೆ. ಲಘುಕರಣ, ಊಹ, ಅಪೋಹ, ಆಲಸ್ಯವಿಲ್ಲದಿರುವಿಕೆ, ಗ್ರಹಣ, ಧಾರಣ, ಉಪಾಯ ಮತ್ತು ಅವ್ಯಕ್ತವಾದ ಸಂಖ್ಯೆಯನ್ನು ವ್ಯಕ್ತಪಡಿಸುವ ಶಕ್ತಿ. ಇವುಗಳಲ್ಲಿ ಇಂದಿನ ಪರೀಕ್ಷೆಗಳು ಬೇಗ ಮಾಡುವ ಲಘುಕರಣವನ್ನೂ ನೆನಪಿನಲ್ಲಿಡುವ ಧಾರಣವನ್ನೂ ಮಾತ್ರ ಬಹುವಾಗಿ ಮನ್ನಿಸುತ್ತವೆ. ತರ್ಕಿಸುವ ಊಹ, ಸಲ್ಲದುದನ್ನು ತಳ್ಳಿಹಾಕುವ ಅಪೋಹಗಳಿಗೆ ಎಡೆ ಕಡಿಮೆ. ಕಂಠಪಾಠ ಮಾಡಿದ ಬಾಲಕನು ಲೆಕ್ಕದ ಮಾತು ತುಸು ಬದಲಾದೊಡನೆ ಕೈಚೆಲ್ಲಿ ಕೂರುವುದಕ್ಕೆ ಇದೇ ಕಾರಣ.

ಆಚಾರ್ಯರೂ ಎಡವಿದ್ದುಂಟು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸೂಕ್ಷ್ಮವಾಗಿ ಕಂಡ ಅದೇ ಮೇಧೆ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಹೇಳಿತು. 12ನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ಖಹರವೆಂದು ಬೇರೆ ಬಗೆಯಾಗಿ ಚಿಂತಿಸಿದರು. ಇಂದಿನ ಗಣಿತವು ಅಂತಹ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಆಚಾರ್ಯರ ಹಿರಿಮೆ ಇದರಿಂದ ಕುಂದಲಿಲ್ಲ. ಹೀಗಿರುವಲ್ಲಿ ಹನ್ನೆರಡು ವರ್ಷದ ಕೂಸಿನ ಒಂದು ತಪ್ಪಿಗೆ ದಡ್ಡನೆಂಬ ಹಣೆಪಟ್ಟಿಯನ್ನು ಕಟ್ಟುವುದು ನ್ಯಾಯವೇ?

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಕೃತಿಗಳಿಂದ ಕನ್ನಡದಲ್ಲಿಯೇ ಗಣಿತವನ್ನು ಹೇಳಿದನು. 1912ರಲ್ಲಿ ಮದರಾಸಿನ ಪ್ರೊ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದ ಮೇಲೆ ಮಹಾವೀರರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವುಳ್ಳ ಆವೃತ್ತಿಯೂ ಹೊರಬಂದಿತು.

ನಾನು ಗಣಿತದ ಅಧ್ಯಾಪಕನಲ್ಲ, ಕನ್ನಡ ಪಂಡಿತ. ಆದರೂ ಒಮ್ಮೆ ಗಣಿತದ ಗುರುಗಳು ರಜೆಯಲ್ಲಿದ್ದಾಗ ಆ ತರಗತಿಗೆ ಹೋಗಬೇಕಾಯಿತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಕಾರ್ಮಿಕರ ಮಗನೊಬ್ಬನು ಲೆಕ್ಕವನ್ನು ಮುಟ್ಟದೆ ಕುಳಿತಿದ್ದನು. ವಿಚಾರಿಸಲಾಗಿ, ಅವನಿಗೆ ಅಂಕಿಗಳು ತಿಳಿದಿದ್ದವು. ಉಳಿದುದರಲ್ಲಿ ಎಂಬ ಮಾತಿನ ಅರ್ಥ ತಿಳಿದಿರಲಿಲ್ಲ. ಮನೆಯ ನುಡಿ ಬೇರೆ, ಪುಸ್ತಕದ ನುಡಿ ಬೇರೆ. ಹತ್ತು ಕಡ್ಡಿಗಳನ್ನು ಮೇಜಿನ ಮೇಲಿಟ್ಟು ತೋರಿಸಿದೊಡನೆ ತಾನಾಗಿಯೇ ಬಿಡಿಸಿದನು. ಅವನು ಸೋತದ್ದು ಗಣಿತದಲ್ಲಲ್ಲ, ನನ್ನ ವಿಷಯವಾದ ಭಾಷೆಯಲ್ಲಿ ಎಂಬುದನ್ನು ಅಂದು ಅರಿತು ನಾಚಿದೆನು. ತಂದೆ ಮಿಲಿಮೀಟರಿನ ನೂರನೆಯ ಭಾಗವನ್ನು ಅಳೆದು ಲೋಹವನ್ನು ಕಡೆಯುವಾಗ ಮಗನು ಭಿನ್ನರಾಶಿಗೆ ಅಂಜಿ ಶಾಲೆ ಬಿಡುವಂತಾದರೆ, ಆ ಹೊಣೆ ನಮ್ಮೆಲ್ಲರದು.

ಸಂಸ್ಥೆಯ ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದನ್ನು ಮನಗಾಣಬೇಕೆಂಬುದು ನನ್ನ ಬಿನ್ನಹ. ಲೆಕ್ಕವನ್ನು ಕೊಡುವ ಮುನ್ನ ಅದರ ಮಾತನ್ನು ಬಿಡಿಸಿ ಹೇಳೋಣ. ಉತ್ತರದ ಜೊತೆಗೆ ಮಗು ನಡೆದ ದಾರಿಯನ್ನೂ ಕೇಳೋಣ. ತನ್ನ ಹುಟ್ಟೂರನ್ನೂ ಹೇಳದೆ ಶಿಷ್ಯನ ದಾರಿಯನ್ನು ಮಾತ್ರ ಹಸನು ಮಾಡಿದ ಆ ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ಗುರುಕಾಣಿಕೆ ಇದಕ್ಕಿಂತ ಬೇರೆ ಇಲ್ಲ.