ಅಮರನಾಥನ ದಾರಿಯಲ್ಲಿ ಸ್ವಾಮಿ ವಿವೇಕಾನಂದರು

1863ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಸ್ವಾಮಿ ವಿವೇಕಾನಂದರು 1893ರಲ್ಲಿ ಚಿಕಾಗೋ ಸಭೆಯಲ್ಲಿ ಮಾತನಾಡಿದ್ದನ್ನು ನಾವೆಲ್ಲ ಬಲ್ಲೆವು. 1898ರಲ್ಲಿ ಅವರು ಕಾಶ್ಮೀರದ ಅಮರನಾಥಕ್ಕೆ ಹೋದ ಸಂಗತಿ ಬಲ್ಲವರು ಕಡಿಮೆ.

ಆ ವೇಳೆಗಾಗಲೇ ಅವರ ದೇಹಸ್ಥಿತಿ ಕೆಟ್ಟಿತ್ತು. ಜೊತೆಗೆ ಐರ್ಲೆಂಡಿನ ಶಿಷ್ಯೆ ನಿವೇದಿತಾ ಇದ್ದರು. ವಿದೇಶೀಯರ ಗುಡಾರ ತಮ್ಮ ಹತ್ತಿರ ಬೇಡವೆಂದು ಸಾಧುಗಳು ತಕರಾರು ತೆಗೆದರು. ಸ್ವಾಮಿಗಳು ಮೊದಲು ಸಿಟ್ಟಾದರೂ, ನಾಗಾ ಸಾಧುವೊಬ್ಬನ ಮಾತಿಗೆ ಮಣಿದು ಗುಡಾರ ಕೀಳಿಸಿದರು. ಈ ಮಣಿಯುವಿಕೆ ನಮಗೆ ಬಹು ದೊಡ್ಡದೆನಿಸುತ್ತದೆ.

ಪಂಚತರಣಿಯಲ್ಲಿ ಕೊರೆಯುವ ನೀರಿನ ಐದು ತೊರೆಗಳು. ಒದ್ದೆಬಟ್ಟೆಯಲ್ಲೇ ಒಂದಾದ ಮೇಲೊಂದರಲ್ಲಿ ಮೀಯುವುದು ಯಾತ್ರಿಕರ ನೇಮ. ಶಿಷ್ಯೆ ಬೇಡವೆಂದಾರೆಂದು ಕಣ್ತಪ್ಪಿಸಿ ಸ್ವಾಮಿಗಳು ಐದರಲ್ಲೂ ಮಿಂದರು. ಎದೆ ದುರ್ಬಲವಾದವರು ಇದನ್ನು ಅನುಸರಿಸಲೆಂದು ನಾವು ಖಂಡಿತ ಹೇಳೆವು.

ಆಗಸ್ಟ್ 2ರಂದು ಮೈಗೆ ಭಸ್ಮ ಬಳಿದು, ಕೌಪೀನ ಮಾತ್ರ ಧರಿಸಿ ಗುಹೆ ಹೊಕ್ಕರು. ಹಿಮಲಿಂಗದ ಮುಂದೆ ಮಂಡಿಯೂರಿದರು. ಭಾವಾವೇಶದಲ್ಲಿ ಮೈಮರೆತು ಬಿದ್ದೇನೆಂಬ ಅಂಜಿಕೆಯಿಂದ ಬೇಗನೆ ಹೊರಬಂದರು. ಶಿವನು ತಮಗೆ ಇಚ್ಛಾಮರಣದ ವರವಿತ್ತನೆಂದು ಆಮೇಲೆ ಆಪ್ತರಲ್ಲಿ ಹೇಳಿಕೊಂಡರಂತೆ.

ಹಿಂದಿರುಗಿದಾಗ ಎಡಗಣ್ಣಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೃದಯವು ಶಾಶ್ವತವಾಗಿ ಹಿಗ್ಗಿದೆಯೆಂದು ವೈದ್ಯರು ತಿಳಿಸಿದರು. ನಾಲ್ಕು ವರ್ಷವೂ ತುಂಬಿರಲಿಲ್ಲ. 1902ರ ಜುಲೈ 4ರಂದು, 39ರ ಹರೆಯದಲ್ಲಿ, ಬಂಗಾಳದ ಗಂಗಾತೀರದ ಬೇಲೂರು ಮಠದಲ್ಲಿ, ಧ್ಯಾನ ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲ.